‘ನಟನೆ ಹೊಟ್ಟಿ ತುಂಬಸ್ತೈತೇನು?’ ಏಣಗಿಯಲ್ಲಿ ಸಿಕ್ಕ ಉತ್ತರ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಊರಿನಿಂದ ಕಾಕಾನ ಫೋನ್ ಬಂತು ಅಂದ್ರೆ ಎರಡೇ ಕಾರಣ ಇರ್ತವೆ. ಒಂದೋ ಯಾರೋ ತೀರಿಕೊಂಡಿದ್ದಾರೆ, ಇಲ್ಲಾ ಯಾರದೋ ಲಗ್ನ ಗಟ್ಟಿಯಾಗಿದೆ. ಈ ಸಲ ಎರಡೂ ಅಲ್ಲ.

“ನಿನ್ನ ತಮ್ಮ ನೌಕರಿ ಬಿಟ್ಟಾನ. ಧಾರಾವಾಹಿದಾಗ ಪಾರ್ಟ್ ಮಾಡತೇನಿ ಅಂತಾನ. ನೀ ಅಲ್ಲೇ ಬೆಂಗಳೂರಾಗ ಅದಿ, ಒಂದೀಟು ಬುದ್ಧಿ ಹೇಳು. ನಟನೆ ಹೊಟ್ಟಿ ತುಂಬಸ್ತೈತೇನು?”

ಕಾಕಾನದು ಬೈಲಹೊಂಗಲದಲ್ಲಿ ಗೊಬ್ಬರದ ಅಂಗಡಿ. ಮಳೆ ಬಂದ್ರೆ ವ್ಯಾಪಾರ, ಬರದಿದ್ರೆ ಉದ್ರಿ. ಅಂಥ ಲೆಕ್ಕದಲ್ಲೇ ಮಗನನ್ನು ಓದಿಸಿದ ಮನುಷ್ಯ. ಎರಡು ವರ್ಷ ಆಯ್ತು, ತಮ್ಮ ಇಲ್ಲೇ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡ್ತಿದ್ದ. ಸಂಬಳ ತಿಂಗಳ ಕೊನೆಯ ದಿನ ತಪ್ಪದೇ ಬೀಳ್ತಿತ್ತು. ಅದನ್ನು ಬಿಟ್ಟು ಆಡಿಷನ್ ಸಾಲಿನಲ್ಲಿ ನಿಲ್ತೀನಿ ಅಂದ್ರೆ ಯಾವ ಅಪ್ಪನಿಗೆ ನಿದ್ದೆ ಬರುತ್ತೆ ಹೇಳಿ.

ಸಂಜೆ ವಿಜಯನಗರದ ಒಂದು ದರ್ಶಿನಿಯಲ್ಲಿ ತಮ್ಮ ಸಿಕ್ಕ. ನಾನು ದಾರಿಯುದ್ದಕ್ಕೂ ರೆಡಿ ಮಾಡಿಕೊಂಡಿದ್ದ ಭಾಷಣ ಶುರು ಮಾಡೋ ಮೊದಲೇ ಅವನು ಕೇಳಿದ:

“ಅಣ್ಣಾ, ಏಣಗಿ ಬಾಳಪ್ಪ ಯಾರು ಗೊತ್ತೈತೇನು ನಿನಗ?”

“ನಾಟಕದವರಲ್ಲ? ಸವದತ್ತಿ ಕಡೆಯವರು. ಕೇಳೇನಿ.”

“ಕೇಳಿದ್ರ ಆಗಂಗಿಲ್ಲ. ಸ್ವಲ್ಪ ಓದಕೊಂಡ ಬಾ. ಆಮ್ಯಾಲ ಬುದ್ಧಿ ಹೇಳು, ಕೇಳತೇನಿ.”

ಚಹಾ ಕುಡಿದು ಎದ್ದು ಹೋದ. ಹೋಗೋವಾಗ ಒಂದು ಪುಸ್ತಕ ಟೇಬಲ್ ಮೇಲೆ ಬಿಟ್ಟಿದ್ದ: ಗಣೇಶ ಅಮೀನಗಡ ಅವರ ‘ಬಣ್ಣದ ಬದುಕಿನ ಚಿನ್ನದ ದಿನಗಳು’. ಬಾಳಪ್ಪನವರ ಬದುಕಿನ ಕಥೆ. ಬುದ್ಧಿ ಹೇಳೋಕೆ ಹೋದವನು ಹೋಮ್‌ವರ್ಕ್ ತಗೊಂಡು ಮನೆಗೆ ಬಂದೆ.

ಅಜ್ಜ ನೋಡಿದ ಬಸವಣ್ಣ

ಮೊದಲು ಒಂದು ಮನೆಯ ಮಾತು. ನಮ್ಮ ಅಜ್ಜ, ಅಂದ್ರೆ ಅಪ್ಪ ಮತ್ತು ಕಾಕಾ ಇಬ್ಬರ ತಂದೆ, ಒಂದು ಮಾತು ಯಾವಾಗಲೂ ಹೇಳೋರು: “ನಾ ಬಸವಣ್ಣನ್ನ ಕಣ್ಣಾರೆ ನೋಡೇನಿ.” ನಾವು ಮಕ್ಕಳು ಮುಸಿಮುಸಿ ನಗ್ತಿದ್ವಿ. ಹನ್ನೆರಡನೇ ಶತಮಾನದ ಬಸವಣ್ಣನನ್ನು ನಮ್ಮ ಅಜ್ಜ ಹೇಗೆ ನೋಡೋಕೆ ಸಾಧ್ಯ? ವಯಸ್ಸಾಯ್ತು, ಏನೋ ಹೇಳ್ತಾರೆ ಅಂದುಕೊಂಡಿದ್ವಿ. ನಾನು ಪಿಯುಸಿಯಲ್ಲಿ ಇದ್ದಾಗ ಅಜ್ಜ ಹೋದರು. ಆ ಮಾತೂ ಅವರ ಜೊತೆಗೇ ಹೋಯ್ತು.

ಈಗ ಅವ್ವನಿಗೆ ಫೋನ್ ಮಾಡಿ ಕೇಳಿದೆ. ಅವ್ವ ಸಹಜವಾಗಿ ಹೇಳಿದಳು: “ಅದ ನಾಟಕದ ಬಸವಣ್ಣಪಾ. ಬಾಳಪ್ಪನವರದು. ನಿಮ್ಮ ಅಜ್ಜ ಚಪ್ಪಲಿ ಹೊರಗ ಬಿಟ್ಟು ಒಳಗ ಹೋಗಿದ್ರಂತ. ಥೇಟರಿಗೆ ಹೋದಂಗಲ್ಲ, ಗುಡಿಗೆ ಹೋದಂಗ.”

ಬಾಳಪ್ಪನವರ ‘ಜಗಜ್ಯೋತಿ ಬಸವೇಶ್ವರ’ ನಾಟಕ ನಮ್ಮ ಭಾಗದಲ್ಲಿ ಎಷ್ಟು ಜನಪ್ರಿಯ ಆಗಿತ್ತು ಅಂದ್ರೆ, ವೇಷದಲ್ಲಿದ್ದ ಅವರಿಗೆ ಜನ ಕೈಮುಗಿಯುತ್ತಿದ್ದರು, ಕಾಲಿಗೆ ಬೀಳುತ್ತಿದ್ದರು. ವಚನಗಳನ್ನು ಪುಸ್ತಕದಲ್ಲಿ ಓದೋಕೆ ಬಾರದ ಎಷ್ಟೋ ಮಂದಿಗೆ ವಚನ ಅಂದ್ರೆ ಬಾಳಪ್ಪನವರ ಗಂಟಲು. ನಮ್ಮ ಅಜ್ಜನೂ ಅವರಲ್ಲಿ ಒಬ್ಬರು. ಸಹಿ ಹಾಕೋದು ಬಿಟ್ಟು ಹೆಚ್ಚು ಬರವಣಿಗೆ ಬರ್ತಿರಲಿಲ್ಲ. ಆದರೆ ಹೊಲದಲ್ಲಿ ಕೂತು ವಚನ ಹೇಳ್ತಿದ್ದರು. ಎಲ್ಲಿಂದ ಕಲಿತರು ಅಂತ ನಾನು ಯಾವತ್ತೂ ಕೇಳಲಿಲ್ಲ.

ಹತ್ತು ಹನ್ನೆರಡು ವರ್ಷ ತಡವಾಗಿ ಉತ್ತರ ಸಿಕ್ಕಿತು.

ಸೀರೆಯಿಂದ ಶುರುವಾದ ಕೆರಿಯರ್

ಬಾಳಪ್ಪನವರು ಹುಟ್ಟಿದ್ದು 1914ರಲ್ಲಿ, ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ. ತೀರಿಕೊಂಡಿದ್ದು 2018ರ ಆಗಸ್ಟ್‌ನಲ್ಲಿ, 104ನೇ ವಯಸ್ಸಿನಲ್ಲಿ. ಈ ಎರಡು ವರ್ಷಗಳ ನಡುವೆ ಏನೇನು ಬಂದು ಹೋಯ್ತು ಅಂತ ಒಂದು ಸಲ ಯೋಚನೆ ಮಾಡಿ.

ಅವರಿಗೆ ಇಪ್ಪತ್ತು ವರ್ಷ ಇದ್ದಾಗ, 1934ರಲ್ಲಿ, ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ತೆರೆಗೆ ಬಂತು. ನಲವತ್ತರ ಹೊತ್ತಿಗೆ ಊರೂರಿಗೆ ಸಿನಿಮಾ ಟೆಂಟು. ಅರವತ್ತೇಳಕ್ಕೆ ಬೆಂಗಳೂರು ದೂರದರ್ಶನ. ಎಂಬತ್ತಕ್ಕೆ ಉದಯ ಟಿವಿ. ನೂರು ದಾಟೋ ಹೊತ್ತಿಗೆ ಎಲ್ಲರ ಕೈಯಲ್ಲೂ ಯೂಟ್ಯೂಬ್. ಪ್ರತಿ ಸಲವೂ “ಇನ್ನು ನಾಟಕದ ಕಥೆ ಮುಗೀತು” ಅಂತ ಯಾರೋ ಒಬ್ಬರು ಹೇಳಿಯೇ ಇರ್ತಾರೆ. ನಮ್ಮ ಆಫೀಸಿನಲ್ಲಿ ಆರು ತಿಂಗಳಿಗೊಮ್ಮೆ “ಇನ್ನು ಕೋಡಿಂಗ್ ಕಥೆ ಮುಗೀತು” ಅಂತ ಹೇಳ್ತಾರಲ್ಲ, ಹಾಗೆ.

ಬಾಳಪ್ಪನವರು ರಂಗಕ್ಕೆ ಬಂದ ಕಾಲದಲ್ಲಿ ಹೆಣ್ಣಿನ ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದರು. ಮರಾಠಿಯಲ್ಲಿ ಬಾಲಗಂಧರ್ವರು ಸೀರೆ ಉಟ್ಟು ಬಂದರೆ ಮನೆಯ ಹೆಣ್ಣುಮಕ್ಕಳು ಅವರನ್ನು ನೋಡಿ ಸೀರೆ ಉಡುವ ರೀತಿ ಕಲಿಯುತ್ತಿದ್ದ ಕಾಲ ಅದು. ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಗಾಳಿ ನಮ್ಮ ಊರುಗಳಿಗೂ ಬೀಸುತ್ತಿತ್ತು. ಒಳ್ಳೆ ಕಂಠ, ಸಣ್ಣ ಮೈಕಟ್ಟು ಇದ್ದ ಹುಡುಗ ಬಾಳಪ್ಪ ಸ್ತ್ರೀ ಪಾತ್ರಗಳಿಂದಲೇ ಹೆಸರು ಮಾಡಿದರು.

ಆದರೆ ಸ್ತ್ರೀ ಪಾತ್ರ ಮಾಡೋ ಗಂಡಸಿನ ಕೆಲಸಕ್ಕೆ ಒಂದು ಎಕ್ಸ್‌ಪೈರಿ ಡೇಟ್ ಇರುತ್ತೆ. ವಯಸ್ಸಾದಂತೆ ದನಿ ಒಡೆಯುತ್ತೆ, ಮುಖ ಗಡುಸಾಗುತ್ತೆ. ಅದಕ್ಕಿಂತ ದೊಡ್ಡದು, ನಿಜವಾದ ಹೆಣ್ಣುಮಕ್ಕಳೇ ರಂಗಕ್ಕೆ ಬಂದರು. ಬಾಳಪ್ಪನವರ ಪತ್ನಿ ಲಕ್ಷ್ಮೀಬಾಯಿ ಏಣಗಿ ಸ್ವತಃ ಹೆಸರಾಂತ ನಟಿ. ಯಾವ ಪಾತ್ರಗಳಿಂದ ಅನ್ನ ಸಿಕ್ಕಿತ್ತೋ ಆ ಪಾತ್ರಗಳು ಕಣ್ಣೆದುರೇ ಬೇರೆಯವರ ಕೈಗೆ ಹೋದವು. ಹೋಗಬೇಕಾದವರ ಕೈಗೇ ಹೋದವು ಅನ್ನಿ.

ಇಲ್ಲಿ ಎರಡು ದಾರಿ ಇದ್ದವು. ನಮ್ಮ ಕಾಲವೇ ಚೆನ್ನಾಗಿತ್ತು ಅಂತ ಕೂರೋದು ಒಂದು. ಬಾಳಪ್ಪನವರು ಇನ್ನೊಂದನ್ನು ಹಿಡಿದರು: ಸೀರೆ ಬಿಚ್ಚಿಟ್ಟು ಪುರುಷ ಪಾತ್ರಗಳಿಗೆ ಬಂದರು. ನಟಿಯಂತೆ ನಡೆಯೋದನ್ನು ಮೈಗೆ ಕಲಿಸಿದ್ದವರು, ಬಸವಣ್ಣನಂತೆ ನಿಲ್ಲೋದನ್ನು ಅದೇ ಮೈಗೆ ಹೊಸದಾಗಿ ಕಲಿಸಿದರು. ಕಂಠ ಮಾತ್ರ ಜೊತೆಗೆ ಬಂತು. ಉಳಿದದ್ದೆಲ್ಲ ಮೊದಲಿನಿಂದ.

ನನಗೆ ಮೂವತ್ತು. ಮೂರು ವರ್ಷದ ಹಿಂದೆ ನಾನು ಕಲಿತ ಒಂದು ಫ್ರೇಮ್‌ವರ್ಕ್ ಈಗ ಯಾರಿಗೂ ಬೇಡ ಅನ್ನೋದಕ್ಕೇ ವಾರಗಟ್ಟಲೆ ನಿದ್ದೆಗೆಟ್ಟವನು ನಾನು. ಈ ಪುಟ ಓದುವಾಗ ಸ್ವಲ್ಪ ನಾಚಿಕೆ ಆಯ್ತು.

ಕಂಪನಿ ಅಂದ್ರೆ ನಿಜವಾಗಲೂ ಕಂಪನಿ

1947ರಲ್ಲಿ ಬಾಳಪ್ಪನವರು ತಮ್ಮದೇ ‘ಕಲಾವೈಭವ ನಾಟ್ಯ ಸಂಘ’ ಕಟ್ಟಿದರು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಉದ್ಯೋಗಿ ಆಗಿದ್ದವರು ಫೌಂಡರ್ ಆದರು.

ನಾಟಕ ಕಂಪನಿ ಅಂದ್ರೆ ನಮಗೆ ಬಣ್ಣ, ಹಾಡು, ಪರದೆ ಇಷ್ಟೇ ನೆನಪಾಗುತ್ತೆ. ಒಳಗಿನಿಂದ ನೋಡಿದರೆ ಅದು ದೊಡ್ಡ ಸಂಸಾರ. ನಟರು, ನಟಿಯರು, ಪೇಟಿ ಮಾಸ್ತರು, ತಬಲಾದವರು, ಪರದೆ ಬರೆಯೋ ಕಲಾವಿದರು, ಪರದೆ ಎಳೆಯೋ ಹುಡುಗರು, ಬಡಿಗರು, ಟಿಕೆಟ್ ಹರಿಯೋರು, ಗೇಟ್ ಕಾಯೋರು, ಅಡುಗೆಯವರು, ಇವರೆಲ್ಲರ ಹೆಂಡತಿ ಮಕ್ಕಳು. ದೊಡ್ಡ ಕಂಪನಿ ಅಂದ್ರೆ ನೂರು ಜನರ ಬಿಡಾರ ಇದ್ದರೂ ಆಶ್ಚರ್ಯ ಇಲ್ಲ. ಎಲ್ಲರಿಗೂ ಒಂದೇ ಅಡುಗೆಮನೆ. ಆಟ ಇರಲಿ ಬಿಡಲಿ, ಒಲೆ ಹೊತ್ತಲೇಬೇಕು.

ಒಂದು ಊರಿನ ಕ್ಯಾಂಪ್ ಅಂದ್ರೆ ಕೆಲವು ವಾರದಿಂದ ಕೆಲವು ತಿಂಗಳು. ಜಾಗ ಹಿಡಿಯಬೇಕು, ಲೈಸೆನ್ಸ್ ಮಾಡಿಸಬೇಕು, ತಗಡಿನ ಥಿಯೇಟರ್ ಎಬ್ಬಿಸಬೇಕು, ಊರಿಗೆಲ್ಲ ಹ್ಯಾಂಡ್‌ಬಿಲ್ ಹಂಚಬೇಕು. ನೆಲ, ಖುರ್ಚಿ ಅಂತ ಟಿಕೆಟ್ಟಿನಲ್ಲಿ ದರ್ಜೆ. ಆಟ ಶುರುವಾಗೋದೇ ರಾತ್ರಿ ಊಟ ಮುಗಿದ ಮೇಲೆ. ಜಾತ್ರೆ ಇದ್ದರೆ ಒಂದೇ ರಾತ್ರಿ ಎರಡೆರಡು ಆಟ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇವತ್ತಿಗೂ ಕಂಪನಿಗಳು ಸಾಲಾಗಿ ಟೆಂಟ್ ಹಾಕ್ತವೆ. ನಮ್ಮ ಕಾಕುನ ತವರು ರಾಮದುರ್ಗ. ಅಲ್ಲಿಂದ ಬಾದಾಮಿ ದೂರ ಅಲ್ಲ. ಕಾಕು ಸಣ್ಣವಳಿದ್ದಾಗ ರೊಟ್ಟಿ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗಿ ಬೆಳತನಕ ನಾಟಕ ನೋಡಿ, ಅಲ್ಲೇ ಟೆಂಟಿನ ಮಗ್ಗುಲಲ್ಲಿ ಮಲಗಿ, ಮರುದಿನ ದೇವಿ ದರ್ಶನ ಮಾಡಿ ಬರ್ತಿದ್ದರಂತೆ.

ಮಳೆಗಾಲ ಅಂದ್ರೆ ಕಂಪನಿ ಮಾಲೀಕರಿಗೆ ಪರೀಕ್ಷೆ. ಬರಗಾಲ ಅಂದ್ರೆ ಇನ್ನೂ ದೊಡ್ಡ ಪರೀಕ್ಷೆ. ರೈತನ ಕೈಯಲ್ಲಿ ದುಡ್ಡಿದ್ದರೆ ತಾನೇ ಟಿಕೆಟ್ಟು? ಹತ್ತಿ, ಜೋಳ ಮಾರಿ ಬಂದ ದುಡ್ಡು ಊರಲ್ಲಿ ಓಡಾಡುವಾಗ ಥಿಯೇಟರ್ ತುಂಬುತ್ತೆ. ಇಲ್ಲಾಂದ್ರೆ ಸಾಲ. ಎಷ್ಟೋ ಕಂಪನಿಗಳು ಪರದೆ, ಸೀನರಿ ಒತ್ತೆ ಇಟ್ಟು ಮುಂದಿನ ಊರಿಗೆ ಹೋಗಿದ್ದುಂಟು. ಯಾವ ಇನ್‌ವೆಸ್ಟರೂ ಇಲ್ಲ, ಫಂಡಿಂಗ್ ರೌಂಡೂ ಇಲ್ಲ. ನಿನ್ನೆ ರಾತ್ರಿಯ ಗಲ್ಲಾಪೆಟ್ಟಿಗೆಯೇ ಇವತ್ತಿನ ಅಡುಗೆ.

ಅಂಥ ವ್ಯವಹಾರವನ್ನು ಬಾಳಪ್ಪನವರು ದಶಕಗಳ ಕಾಲ ನಡೆಸಿದರು. ಹಗಲು ಮಾಲೀಕ, ರಾತ್ರಿ ಬಸವಣ್ಣ. ಸಾಲಗಾರನ ಜೊತೆ ಸಂಜೆ ಮಾತಾಡಿ, ಒಂಬತ್ತಕ್ಕೆ ಬಣ್ಣ ಹಚ್ಚಿ, ಹತ್ತಕ್ಕೆ ದಯೆ ಧರ್ಮದ ಮಾತಾಡೋದು. ನನಗೆ ಒಂದು ಕ್ಲೈಂಟ್ ಕಾಲ್ ಕೆಟ್ಟರೆ ಇಡೀ ದಿನ ಮುಖ ಗಂಟು.

ಕಾಕಾನ ಪ್ರಶ್ನೆ ನೆನಪಾಯ್ತು: ನಟನೆ ಹೊಟ್ಟಿ ತುಂಬಸ್ತೈತೇನು? ತುಂಬಿಸಿತ್ತು. ಒಬ್ಬರದಲ್ಲ, ಒಂದು ಓಣಿಯಷ್ಟು ಜನರದು. ಆದರೆ ಅದು ಬರೀ ನಟನೆಯಿಂದ ತುಂಬಿದ್ದಲ್ಲ. ಲೆಕ್ಕ, ಸಹನೆ, ಪ್ರಯಾಣ, ಜನರನ್ನು ಸಂಭಾಳಿಸೋದು ಎಲ್ಲ ಸೇರಿ ತುಂಬಿತ್ತು.

ಈ ಮಣ್ಣಿಗೆ ಹೊಸದಲ್ಲ

ಹೋಮ್‌ವರ್ಕ್ ಮಾಡ್ತಾ ಹೋದಂತೆ ನನಗೆ ಇನ್ನೊಂದು ವಿಷಯ ಗೊತ್ತಾಯ್ತು. ನಮ್ಮ ಸುತ್ತಮುತ್ತಲ ನಾಲ್ಕು ತಾಲ್ಲೂಕಿಗೆ ಈ ಹುಚ್ಚು ಹಳೆಯದು.

ಮರಾಠಿ ಸಂಗೀತ ನಾಟಕದ ಜನಕ ಅಂತ ಕರೆಯೋ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು 1843ರಲ್ಲಿ, ಸವದತ್ತಿ ಹತ್ತಿರದ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಅವರ ‘ಶಾಕುಂತಲ’ ರಂಗಕ್ಕೆ ಬಂದ ಮೇಲೆ ಆ ಭಾಷೆಯ ರಂಗಭೂಮಿಯ ದಾರಿಯೇ ಬದಲಾಯ್ತು. ಆ ಊರ ಹೆಸರು ಬಸ್ ಬೋರ್ಡಿನಲ್ಲಿ ನೂರು ಸಲ ಓದಿದ್ದೇನೆ. ಒಂದು ಸಲವೂ ಈ ಸಂಗತಿ ಗೊತ್ತಿರಲಿಲ್ಲ.

ನಮ್ಮ ಬೈಲಹೊಂಗಲದ ಕಥೆ ‘ಸಂಗ್ಯಾ ಬಾಳ್ಯಾ’. ಗೆಳೆಯರಿಬ್ಬರು, ಒಬ್ಬ ವ್ಯಾಪಾರಿ, ಅವನ ಹೆಂಡತಿ ಗಂಗಿ, ಕೊನೆಗೆ ಗೆಳೆತನಕ್ಕೇ ದ್ರೋಹ, ಕೊಲೆ. ಹತ್ತೊಂಬತ್ತನೇ ಶತಮಾನದಲ್ಲಿ ನಡೆದ ಘಟನೆ ಸಣ್ಣಾಟ ಆಗಿ ಇಡೀ ಉತ್ತರ ಕರ್ನಾಟಕ ಸುತ್ತಿತು. ನಮ್ಮ ಓಣಿಯಲ್ಲಿ ಜಗಳ ಆದರೆ “ಸಂಗ್ಯಾ ಬಾಳ್ಯಾನ ದೋಸ್ತಿ ಇದು” ಅಂತ ಇವತ್ತಿಗೂ ಚುಚ್ಚೋರಿದ್ದಾರೆ.

ಕಿತ್ತೂರಿನ ಮಾತು ಬೇರೆ. 1961ರಲ್ಲಿ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಬಂದಾಗಿನಿಂದ ಚೆನ್ನಮ್ಮ ಅಂದ್ರೆ ನಮ್ಮ ಕಣ್ಣಿಗೆ ಬರೋದು ಬಿ. ಸರೋಜಾದೇವಿಯವರ ಮುಖ. 2025ರ ಜುಲೈನಲ್ಲಿ ಅವರು ತೀರಿಕೊಂಡಾಗ ನಮ್ಮ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಕುದುರೆ ಮೇಲಿನ, ಕತ್ತಿ ಹಿಡಿದ ಅದೇ ಚಿತ್ರ. 1824ರಲ್ಲಿ ಥ್ಯಾಕರೆಯನ್ನು ಸೋಲಿಸಿದ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡ ರಾಣಿಗೆ, ಬೆಂಗಳೂರಿನ ಒಬ್ಬ ನಟಿ ಮುಖ ಕೊಟ್ಟರು. ನಟನೆಗೆ ಆ ಶಕ್ತಿ ಇದೆ. ಇತಿಹಾಸದ ಪುಸ್ತಕ ಹೆಸರು ಕೊಡುತ್ತೆ, ನಟರು ಮುಖ ಕೊಡುತ್ತಾರೆ.

ಬಸವಣ್ಣನಿಗೂ ಸಿನಿಮಾದಲ್ಲಿ ಒಂದು ಮುಖ ಇದೆ. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜಕುಮಾರ್ ಬಿಜ್ಜಳ. ಆದರೆ ನಮ್ಮ ಅಜ್ಜನ ಬಸವಣ್ಣ ಆ ಸಿನಿಮಾದವನಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಉಸಿರು ತಗೊಂಡು, ಬೆವರು ಒರೆಸಿಕೊಂಡು ಹಾಡಿದವನು.

ಮಗ ಹಿಡಿದ ದಾರಿ

ತಮ್ಮನಿಗೆ ಬಾಳಪ್ಪನವರಿಗಿಂತ ಹತ್ತಿರದವರು ಅವರ ಮಗ ಏಣಗಿ ನಟರಾಜ್. ಯಾಕಂದ್ರೆ ತಮ್ಮ ಹೋಗಬೇಕು ಅಂತಿರೋ ದಾರಿಯಲ್ಲಿ ಇವರು ಮೊದಲೇ ಹೋಗಿದ್ದಾರೆ.

ಕಂಪನಿ ನಾಟಕದ ಮನೆಯಲ್ಲಿ ಬೆಳೆದ ಮಗ, ಅಪ್ಪನ ಕಂಪನಿಯನ್ನೇ ಹಿಡಿದು ಕೂರಲಿಲ್ಲ. ಹೊಸ ರಂಗಭೂಮಿಗೆ ಬಂದರು, ಸಿನಿಮಾದಲ್ಲಿ ಕಾಣಿಸಿಕೊಂಡರು, ಕಿರುತೆರೆಗೆ ಬಂದರು. ಧಾರಾವಾಹಿ ನೋಡೋ ಮನೆಗಳಲ್ಲಿ ಅವರ ಮುಖ ಪರಿಚಿತ ಆಯ್ತು. ಧಾರವಾಡ ರಂಗಾಯಣದ ನಿರ್ದೇಶಕರೂ ಆದರು. 2012ರಲ್ಲಿ, ಇನ್ನೂ ಬಹಳ ಮಾಡೋದು ಇರುವಾಗಲೇ, ಹೋಗಿಬಿಟ್ಟರು. ಮಗ ಹೋದಾಗ ಬಾಳಪ್ಪನವರಿಗೆ 98. ಈ ಎರಡು ಸಾಲು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತೆ.

ಒಂದು ಕಾಲದಲ್ಲಿ ಬೆಂಗಳೂರಿನ ಸಿನಿಮಾ, ಟಿವಿಯಲ್ಲಿ ನಮ್ಮ ಭಾಷೆ ಅಂದ್ರೆ ನಗಿಸೋಕೆ ಮಾತ್ರ ಬೇಕಾಗೋ ಸರಕು. ಕಳ್ಳ, ಪೆದ್ದ, ಅಡುಗೆ ಭಟ್ಟ ಇಂಥ ಪಾತ್ರಕ್ಕೆ “ಏನ್ಲೇ” ಅಂದರೆ ಸಾಕು, ನಗು. ಅದು ನಿಧಾನಕ್ಕೆ ಬದಲಾಯ್ತು. 1990ರ ‘ಸಂತ ಶಿಶುನಾಳ ಶರೀಫ’, 1997ರ ‘ನಾಗಮಂಡಲ’ದಲ್ಲಿ ಗೋಪಾಲ ವಾಜಪೇಯಿ ಅವರ ಸಂಭಾಷಣೆ ಕೇಳಿದರೆ ನಮ್ಮ ಮನೆಯ ಹಿರಿಯರು ಮಾತಾಡಿದಂಗೇ ಇರುತ್ತೆ. ಆಮೇಲೆ ವೈಶಾಲಿ ಕಾಸರವಳ್ಳಿ ಅವರ ‘ಮೂಡಲ ಮನೆ’ ಧಾರಾವಾಹಿ ಬಂತು. ಈಟಿವಿಯಲ್ಲಿ ಅದು ಶುರುವಾದ ಕೂಡಲೇ ನಮ್ಮ ಓಣಿ ಗಪ್ ಆಗ್ತಿತ್ತು. ನಾನಾಗ ಪ್ರೈಮರಿ ಸ್ಕೂಲು. ನಮ್ಮಂಗ ಮಾತಾಡೋರೂ ಟಿವಿಯಲ್ಲಿ ಅಳಬಹುದು, ಸಿಟ್ಟಾಗಬಹುದು, ದೊಡ್ಡವರಾಗಿ ನಿಲ್ಲಬಹುದು ಅಂತ ಆಗ ಗೊತ್ತಾಯ್ತು.

ಆ ಬದಲಾವಣೆ ತಾನೇ ಆಗಿದ್ದಲ್ಲ. ಅಂಥ ಸಂಭಾಷಣೆಯನ್ನು ನಾಟಕೀಯವಾಗಿ ಎಳೆಯದೆ, ಮನೆಯಲ್ಲಿ ಮಾತಾಡಿದಂತೆ ಹೇಳೋ ನಟರು ಬೇಕಿತ್ತು. ಅವರು ಬಂದಿದ್ದು ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ರಂಗಭೂಮಿಯಿಂದಲೇ.

ಹುಡುಕಿದರೆ ಸಿಗದ ರಾತ್ರಿಗಳು

ಬಾಳಪ್ಪನವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ಗುಬ್ಬಿ ವೀರಣ್ಣ ಪ್ರಶಸ್ತಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಎಲ್ಲ ಬಂದವು. ಇಳಿವಯಸ್ಸಿನಲ್ಲೂ ರಂಗಗೀತೆ ಹಾಡಿ ಅಂದ್ರೆ ಹಾಡುತ್ತಿದ್ದರು.

ಆದರೆ ಆ ನಾಟಕ? ಅಜ್ಜ ಚಪ್ಪಲಿ ಬಿಟ್ಟು ಹೋಗಿ ನೋಡಿದ ಆ ರಾತ್ರಿ? ನಾನು ಇಂಟರ್ನೆಟ್‌ನಲ್ಲಿ ಎರಡು ರಾತ್ರಿ ಹುಡುಕಿದೆ. ವಯಸ್ಸಾದ ಬಾಳಪ್ಪನವರು ಸಿಗ್ತಾರೆ, ಬಿಳಿ ಬಟ್ಟೆ, ಶಾಲು, ಸನ್ಮಾನ. ಭರ್ತಿ ಪ್ರಾಯದ ಬಸವಣ್ಣ ನನಗೆ ಸಿಗಲಿಲ್ಲ. ಎಲ್ಲವೂ ಎಲ್ಲೋ ಬ್ಯಾಕಪ್ ಇರುತ್ತೆ ಅಂತ ನಂಬಿ ಬದುಕೋ ಕೆಲಸ ನನ್ನದು. ಇಲ್ಲಿ ಬ್ಯಾಕಪ್ ಇದ್ದದ್ದು ಅಜ್ಜನಂಥವರ ತಲೆಯಲ್ಲಿ. ನಾವು ಅದನ್ನು ಕೇಳಿ ನಕ್ಕಿದ್ವಿ.

2018ರ ಆಗಸ್ಟ್‌ನ ಆ ವಾರ ನನಗೆ ನೆನಪಿದೆ. ವಾಜಪೇಯಿಯವರು ತೀರಿಕೊಂಡಿದ್ದರು. ಕೊಡಗಿನಲ್ಲಿ ಗುಡ್ಡ ಕುಸಿದಿತ್ತು. ಫೋನ್ ತುಂಬಾ ಅದೇ ಸುದ್ದಿ. ಅದರ ನಡುವೆ ಯಾರೋ ಏಣಗಿ ಬಾಳಪ್ಪನವರ ಫೋಟೋ ಹಾಕಿ ಕೈಮುಗಿದ ಇಮೋಜಿ ಹಾಕಿದ್ದರು. ನಾನೂ ಒಂದು ಇಮೋಜಿ ಒತ್ತಿ ಸ್ಕ್ರೋಲ್ ಮಾಡಿದ್ದೆ. ನಮ್ಮ ಅಜ್ಜನ ಬಸವಣ್ಣ ಹೋದದ್ದು ಅವತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ತಮ್ಮನಿಗೆ ಹೇಳಿದ್ದು

ಮುಂದಿನ ಭಾನುವಾರ ಅದೇ ದರ್ಶಿನಿ. ಪುಸ್ತಕ ವಾಪಸ್ ಕೊಟ್ಟೆ.

“ಏನಪಾ ಅಣ್ಣಾ, ಈಗ ಹೇಳು ಬುದ್ಧಿ,” ಅಂದ.

ಹೋಗಬೇಡ ಅಂತ ಹೇಳೋಕೆ ನನ್ನ ಹತ್ತಿರ ಕಾರಣ ಉಳಿದಿರಲಿಲ್ಲ. ಹೋಗು, ಗೆಲ್ತೀಯ ಅಂತ ಹೇಳೋಕೂ ಧೈರ್ಯ ಇರಲಿಲ್ಲ. ನಾನು ಮೂರು ಮಾತು ಹೇಳಿದೆ.

ಒಂದು, ಬಾಳಪ್ಪನವರ ಹೆಸರು ಹೇಳೋದಾದ್ರೆ ಪೂರ್ತಿ ಹೇಳು. ಅವರು ಕನಸು ಕಂಡು ಕೂತವರಲ್ಲ, ಲೆಕ್ಕ ಇಟ್ಟವರು. ನಿನ್ನ ಅಕೌಂಟಿನಲ್ಲಿ ಒಂದು ವರ್ಷದ ಪಿಜಿ ಬಾಡಿಗೆ, ಊಟದ ದುಡ್ಡು ಇದೆಯಾ? ಇಲ್ಲಾಂದ್ರೆ ಫ್ರೀಲಾನ್ಸ್ ಟೆಸ್ಟಿಂಗ್ ಹಿಡಿ. ಬಣ್ಣ ಹಚ್ಚೋ ಕೈಗೆ ಕೀಬೋರ್ಡ್ ಮುಟ್ಟಿದ್ರೆ ಮೈಲಿಗೆ ಆಗಲ್ಲ.

ಎರಡು, ಆಡಿಷನ್ ಒಂದೇ ಸಾಲದು. ರಂಗದ ಮೇಲೆ ನಿಂತು ಕಲಿ. ಕ್ಯಾಮೆರಾ ಮುಂದೆ ನಿನ್ನ ಮುಖ ನೋಡಿ ಒಂದು ಸಲ ಕರೀತಾರೆ. ಎರಡನೇ ಸಲ ಕರೆಯೋದು ಕೆಲಸ ನೋಡಿ. ನಟರಾಜ್ ಅವರು ತೆರೆಗೆ ಬರುವಾಗ ಬರಿಗೈಯಲ್ಲಿ ಬರಲಿಲ್ಲ, ಮನೆತನದ ರಂಗವನ್ನೇ ಬೆನ್ನಿಗೆ ಕಟ್ಟಿಕೊಂಡು ಬಂದಿದ್ದರು.

ಮೂರನೇದು ಹೇಳೋಕೆ ಸ್ವಲ್ಪ ಕಷ್ಟ ಆಯ್ತು. ನಿನ್ನ ಇವತ್ತಿನ ಪಾತ್ರ ನಾಳೆ ಬೇರೆಯವರ ಕೈಗೆ ಹೋಗುತ್ತೆ. ಹೋಗೇ ಹೋಗುತ್ತೆ. ಆವಾಗ ಸೀರೆ ಬಿಚ್ಚಿಟ್ಟು ಇನ್ನೊಂದು ವೇಷ ಹಾಕೋ ತಾಕತ್ತು ನಿನ್ನಲ್ಲಿ ಇದ್ದರೆ ಹೋಗು. ಇದನ್ನು ಹೇಳ್ತಾ ನನಗೇ ಹೇಳಿಕೊಳ್ತಿದ್ದೇನೆ ಅಂತ ಗೊತ್ತಾಯ್ತು. ನಮ್ಮ ಟೀಮಿನಲ್ಲಿ ಹೋದ ತಿಂಗಳಷ್ಟೇ ಇಬ್ಬರನ್ನು ಮನೆಗೆ ಕಳಿಸಿದ್ದರು. ಕಾಕಾ ಯಾವುದನ್ನು ಗಟ್ಟಿ ನೆಲ ಅಂದುಕೊಂಡಿದ್ದಾರೋ ಅದೂ ತಗಡಿನ ಥಿಯೇಟರೇ. ಗಾಳಿ ಜೋರು ಬಂದರೆ ಹಾರುತ್ತೆ. ನಟರಿಗೆ ಅದು ಮೊದಲ ದಿನವೇ ಗೊತ್ತಿರುತ್ತೆ. ನಮಗೆ ಮೇಲ್ ಬಂದ ಮೇಲೆ ಗೊತ್ತಾಗುತ್ತೆ.

ತಮ್ಮ ಏನೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, “ಅಪ್ಪಗ ನೀನ ಹೇಳು,” ಅಂದ.

ಹೇಳಿದೆ. ಕಾಕಾನಿಗೆ ನಾನು ಪ್ರಶಸ್ತಿ, ಇಸವಿ ಏನೂ ಹೇಳಲಿಲ್ಲ. ಅಜ್ಜನ ಮಾತು ನೆನಪಿಸಿದೆ. “ಕಾಕಾ, ಅಜ್ಜ ಬಸವಣ್ಣನ್ನ ನೋಡೇನಿ ಅಂತಿದ್ರಲ್ಲ...”

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಅಂಗಡಿ ಮುಂದೆ ಟ್ರ್ಯಾಕ್ಟರ್ ಹೋದ ಸದ್ದು ಮಾತ್ರ.

“ನನ್ನೂ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಒಂದ್ ಸಲ ಕರಕೊಂಡು ಹೋಗಿದ್ದ ನಮ್ಮಪ್ಪ,” ಅಂದರು ಕಾಕಾ. “ನಾ ಸಣ್ಣಾಂವ, ನಡುವ ಮಲಗಿಬಿಟ್ಟೆ. ಎಬಸಲಿಲ್ಲಂತ ಮರುದಿನ ಅತ್ತೆ.”

ಒಪ್ಪಿಗೆ ಕೊಟ್ಟರು ಅಂತ ಹೇಳಲಾರೆ. ಇವತ್ತಿಗೂ ಕೊಟ್ಟಿಲ್ಲ. ತಮ್ಮ ಈಗ ವಾರದಲ್ಲಿ ಮೂರು ಸಂಜೆ ಒಂದು ರಂಗ ತಂಡದ ಜೊತೆ ತಾಲೀಮಿಗೆ ಹೋಗ್ತಾನೆ, ಹಗಲು ಫ್ರೀಲಾನ್ಸ್ ಕೆಲಸ. ಒಂದು ಧಾರಾವಾಹಿಯಲ್ಲಿ ಪೋಸ್ಟ್‌ಮ್ಯಾನ್ ಪಾತ್ರ ಸಿಕ್ಕಿತ್ತು. ಎರಡು ಮಾತು. ಅದೂ ಬೆಂಗಳೂರು ಕನ್ನಡದಲ್ಲಿ.

ಕಾಕಾ ನೋಡಲಿಲ್ಲ ಅಂತ ಹೇಳಿದರು. ಆದರೆ ಕಾಕು ಹೇಳೋ ಪ್ರಕಾರ, ಅವತ್ತು ಅಂಗಡಿ ಅರ್ಧ ಗಂಟೆ ಮೊದಲೇ ಬಂದ್ ಆಗಿತ್ತು.